1910ರ ಸಮುದ್ರಸ್ನಾನದ ಡ್ರೆಸ್ ಹೊಲಿದು ಬ್ಲ್ಯಾಕ್‌ಪೂಲ್ ನೀರಿಗೆ ಇಳಿದಿದ್ದು

ಮೊದ್ಲು ತೂಕ ಹೇಳ್ಬಿಡ್ತೀನಿ, ನೋಡಿದೋರೆಲ್ಲ ಕೇಳೋದು ಅದನ್ನೇ. ಒಣಗಿದ್ದಾಗ 1 ಕೆಜಿ 280 ಗ್ರಾಂ. ಸಮುದ್ರದಿಂದ ಎದ್ದು ಬಂದು, ಬಟ್ಟೆ ಬದಲಾಯಿಸ್ಕೊಂಡು, ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗೋಕೆ ಇಟ್ಕೊಂಡಿರ್ತೀವಲ್ಲ ಆ ಕೊಕ್ಕೆ ತಕ್ಕಡಿಗೆ ಸಿಗಿಸಿದಾಗ 4 ಕೆಜಿ 100. ಅದೂ ಅಷ್ಟೊತ್ತಿಗೆ ಎಷ್ಟೋ ನೀರು ಮರಳಿಗೆ ಸೋರಿ ಹೋಗಿತ್ತು.

ನಾನಿರೋದು ಇಂಗ್ಲೆಂಡಿನ ಲ್ಯಾಂಕಶೈರ್‌ನ ಒಂದು ಹಳೇ ಮಿಲ್ ಊರಲ್ಲಿ, ಹುಟ್ಟಿ ಬೆಳೆದಿದ್ದು ಕುಂದಾಪುರದ ಕಡೆ. ಇಲ್ಲಿ ಒಂದು ಪುಟ್ಟ ಮ್ಯೂಸಿಯಂ ಇದೆ, ಶನಿವಾರ ಹೋಗಿ ಹಳೇ ಬಟ್ಟೆ ಪೆಟ್ಟಿಗೆ ತೆಗೆದು ಧೂಳು ಝಾಡಿಸಿ ಪಟ್ಟಿ ಬರೆಯೋ ಕೆಲಸ ಮಾಡ್ತೀನಿ, ಸಂಬಳ ಗಿಂಬಳ ಏನಿಲ್ಲ. ಅಲ್ಲಿ ಒಂದು ಹೆಂಗಸರ ಸಮುದ್ರಸ್ನಾನದ ಡ್ರೆಸ್ ಇದೆ, 1910ರ ಆಸುಪಾಸಿಂದು, ಕಡು ನೀಲಿ ಉಣ್ಣೆ ಸರ್ಜು (ಓರೆ ಗೆರೆ ನೇಯ್ಗೆಯ ಗಟ್ಟಿ ಬಟ್ಟೆ), ಅಗಲ ಕಾಲರು, ಕಾಲರ್ ಸುತ್ತ ಬಿಳಿ ಪಟ್ಟಿ. ಕಂಕುಳ ಹತ್ರ ನುಸಿ ತಿಂದು ಜಾಲರಿ ಆಗಿದೆ, ಕೈಗವಸು ಇಲ್ದೆ ಮುಟ್ಟಂಗಿಲ್ಲ, ಶಾಲೆ ಮಕ್ಕಳು ಬಂದ್ರೆ ಗಾಜಿಗೆ ಮೂಗು ಒತ್ತಿ ನೋಡಿ ಹೋಗ್ತವೆ. ಅಲ್ಲಿನ ಮೇಡಂ ಒಂದಿನ ಮಕ್ಕಳು ಮುಟ್ಟಿ ನೋಡೋಕೆ ಇದ್ರದ್ದೇ ಒಂದು ನಕಲು ಹೊಲಿದು ಕೊಡ್ತೀಯಾ ಅಂದ್ರು, ಹೂಂ ಅಂದೆ. ಅದನ್ನ ಹಾಕ್ಕೊಂಡು ನೀರಿಗೆ ಇಳಿಯೋ ಹುಚ್ಚು ನಂದೇ, ಅವರಿಗೆ ಹೇಳಿರ್ಲಿಲ್ಲ.

ಮೊದಲ ವಾರ: ಬರೀ ಬಕೆಟ್ಟು, ಉಪ್ಪು

ಮಷಿನ್ ಮುಟ್ಟಲಿಲ್ಲ. ಆ ಕಾಲದಲ್ಲಿ ಇದಕ್ಕೆ ಸರ್ಜು, ಫ್ಲಾನೆಲ್ಲು, ಇಲ್ಲಾಂದ್ರೆ ಮೊಹೇರು ಅಲ್ಪಾಕಾ ಥರದ ನುಣ್ಣಗಿರೋ ಉಣ್ಣೆ ಬಟ್ಟೆ ಬಳಸ್ತಿದ್ರು. ನನ್ನ ತಲೆ ತಿಂದಿದ್ದು ಏನಂದ್ರೆ ಇದು ಹತ್ತಿ ಮಿಲ್ಲುಗಳ ಸೀಮೆ, ಎಷ್ಟರ ಮಟ್ಟಿಗೆ ಅಂದ್ರೆ ಅಮೆರಿಕದ ಅಂತರ್ಯುದ್ಧದಲ್ಲಿ ಇವರಿಗೆ ಹತ್ತಿ ಬರೋದು ನಿಂತಾಗ ನಮ್ಮ ಧಾರವಾಡ ಸೀಮೆ ಹತ್ತಿ ಎತ್ತಿನ ಗಾಡೀಲಿ ಘಟ್ಟ ಇಳಿದು ಬಂದು ಹಡಗು ಹತ್ತಿತ್ತು, ವ್ಯಾಪಾರದವರ ಬಾಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತ್ಲೇ ಹೆಸರು, ಅಂಥ ಊರಲ್ಲಿ ನೀರಿಗೆ ಇಳಿಯೋಕೆ ಉಣ್ಣೆ ಯಾಕೆ? ಉಣ್ಣೆ ನೆನೆದ್ರೆ ಕಂಬಳಿ ಥರ ಭಾರ ಆಗುತ್ತೆ ಅಂತ ನಮ್ಮೂರ ಕುರಿ ಕಾಯೋ ಹುಡುಗನೂ ಹೇಳ್ತಾನೆ.

ಹಾಗಾಗಿ ಬ್ರಾಡ್‌ಫರ್ಡ್‌ಗೆ ಹೋಗಿ ತುಂಡು ಬಟ್ಟೆ ಮಾರೋರ ಹತ್ರ ನಾಲ್ಕು ಥರ ತಂದೆ. ಬ್ರಾಡ್‌ಫರ್ಡ್ ಅಂದ್ರೆ ಉಣ್ಣೆ ಊರು, ಪಕ್ಕದ ಸಾಲ್ಟೇರ್‌ನಲ್ಲಿ ಟೈಟಸ್ ಸಾಲ್ಟ್ 1853ರಲ್ಲಿ ಶುರು ಮಾಡಿದ ಮಿಲ್ಲು ಅಲ್ಪಾಕಾಗೇ ಹೆಸರುವಾಸಿ ಆಗಿತ್ತು, ಕಟ್ಟಡ ಈಗ್ಲೂ ಗಟ್ಟಿಯಾಗಿ ನಿಂತಿದೆ. ಮನೆಗೆ ಬಂದು ಹತ್ತಿ ಪಾಪ್ಲಿನ್, ಫ್ಲಾನೆಲ್, ಸರ್ಜು, ಅಲ್ಪಾಕಾ ಮಿಕ್ಸು, ನಾಲ್ಕನ್ನೂ 20 ಸೆಂಟಿಮೀಟರ್ ಚೌಕ ಕತ್ತರಿಸಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿದ ನೀರಲ್ಲಿ ಹತ್ತು ನಿಮಿಷ ನೆನೆಸಿ, ಒಂದೊಂದಾಗಿ ಎತ್ತಿ ಮುಂಗೈ ಮೇಲೆ ಹಾಸಿದೆ.

ಪಾಪ್ಲಿನ್ ಹಾಸಿದ ತಕ್ಷಣ ಚರ್ಮಕ್ಕೆ ಅಂಟಿ ಕೂತ್ಬಿಡ್ತು, ಕೈ ಮೇಲಿರೋ ಮಚ್ಚೆ ಕೂಡ ಕಾಣೋ ಹಾಗೆ. ಫ್ಲಾನೆಲ್ಲು ಅಂಟಲಿಲ್ಲ, ಆದ್ರೆ ನೆನೆದ ರೊಟ್ಟಿ ಥರ ಜೋತು ಬಿತ್ತು. ಸರ್ಜು ನೋಡಿ, ನೀರು ಕುಡಿದೂ ತನ್ನ ಪಾಡಿಗೆ ತಾನು ನಿಂತಿತ್ತು, ಕೈ ಆಕಾರನೇ ತಗೊಳ್ಳಲಿಲ್ಲ, ಅಂಚು ಹಿಡಿದು ಎತ್ತಿದ್ರೆ ಸಲೀಸಾಗಿ ಎದ್ದು ಬಂತು. ಅಡುಗೆಮನೆ ತಕ್ಕಡೀಲಿ 13 ಗ್ರಾಂ ಇದ್ದಿದ್ದು 40 ಆಗಿತ್ತು. ಅಲ್ಪಾಕಾ ಎಲ್ಲಕ್ಕಿಂತ ಬೇಗ ನೀರು ಬಿಡ್ತು, ರೇಟು ಕೇಳಿ ಕೈ ಬಿಟ್ಟೆ.

ಆವಾಗ ನೆನಪಾಗಿದ್ದು ಮರವಂತೆ. ಕರ್ಕಾಟಕ ಅಮಾವಾಸ್ಯೆ ಜಾತ್ರೆಗೆ ಹೋದವರಿಗೆ ಗೊತ್ತಿರುತ್ತೆ, ಮಳೆಗಾಲದ ಮಧ್ಯ, ಒಂದು ಕಡೆ ಸೌಪರ್ಣಿಕಾ ಇನ್ನೊಂದು ಕಡೆ ಸಮುದ್ರ, ಜನ ಎರಡರಲ್ಲೂ ಮುಳುಗಿ ದೇವಸ್ಥಾನಕ್ಕೆ ಹೋಗ್ತಾರೆ. ಚಿಕ್ಕವಳಿದ್ದಾಗ ನಮ್ಮ ದೊಡ್ಡಮ್ಮ ಹತ್ತಿ ಸೀರೇಲೇ ಮೂರು ಮುಳುಗು ಹಾಕಿ ಎದ್ದಾಗ ಉಳಿದ ಹೆಂಗಸರೆಲ್ಲ ಟವೆಲ್ಲು, ಒಣಸೀರೆ ಅಡ್ಡ ಹಿಡಿದು ಸುತ್ತ ಗೋಡೆ ಕಟ್ತಿದ್ರು. ನೀರಲ್ಲಿರೋವಾಗ ಯಾರಿಗೂ ಮುಜುಗರ ಇಲ್ಲ, ಎದ್ದು ಬರೋ ಆ ಇಪ್ಪತ್ತು ಹೆಜ್ಜೆಗೇ ಅಷ್ಟೊಂದು ಪಡಿಪಾಟಲು. ಇಂಗ್ಲೆಂಡಿನವರು ಇದಕ್ಕೆ ಚಕ್ರದ ಮರದ ಕೋಣೆ ಮಾಡ್ಕೊಂಡಿದ್ರು, ಕುದುರೆ ಕಟ್ಟಿ ನೀರಿನ ತನಕ ಎಳೆಸೋದು, ಒಳಗೇ ಬಟ್ಟೆ ಬದಲಾಯಿಸಿ ಮೆಟ್ಟಿಲಿಂದ ಸೀದಾ ನೀರಿಗೆ ಇಳಿಯೋದು. ಮಾರ್ಗೇಟ್‌ನ ಬೆಂಜಮಿನ್ ಬೀಲ್ ಅನ್ನೋನು 18ನೇ ಶತಮಾನದಲ್ಲೇ ಅದಕ್ಕೆ ನೀರಿನವರೆಗೂ ಇಳಿಬಿಡೋ ಕ್ಯಾನ್ವಾಸ್ ಕೊಡೆ ಕಟ್ಟಿದ್ದ. ವಿಕ್ಟೋರಿಯಾ ರಾಣಿಗೂ ಒಂದಿತ್ತು, 1847ರಲ್ಲಿ ಅದರಿಂದ ಮೊದಲ ಸಲ ಸಮುದ್ರಕ್ಕೆ ಇಳಿದ್ರು, ವೈಟ್ ದ್ವೀಪದ ಆಸ್ಬರ್ನ್‌ನಲ್ಲಿ ಈಗ್ಲೂ ನೋಡ್ಬಹುದು. ಆಮೇಲೆ ಗಂಡಸರು ಹೆಂಗಸರು ಒಂದೇ ಕಡೆ ನೀರಿಗೆ ಇಳಿಯೋದಕ್ಕೆ ಊರುಗಳು ಒಪ್ಕೊಳ್ತಾ ಬಂದ್ವು, ಬೆಕ್ಸ್‌ಹಿಲ್ 1901ರಲ್ಲೇ ಒಪ್ತು, ಮರದ ಕೋಣೆಗಳು ಒಂದೊಂದಾಗಿ ಮೂಲೆ ಸೇರಿದ್ವು. ಕೋಣೆ ಹೋದ ಮೇಲೆ ಆ ಇಪ್ಪತ್ತು ಹೆಜ್ಜೆ ಮರ್ಯಾದೆ ಕಾಯೋ ಜವಾಬ್ದಾರಿ ಪೂರ್ತಿ ಬಟ್ಟೆ ತಲೆಗೇ ಬಂತಲ್ಲ. ಸರ್ಜು ಯಾಕೆ ಅಂತ ನನಗೆ ಹೊಳೆದಿದ್ದು ಬಕೆಟ್ ಮುಂದೆ ಕೂತಾಗ.

ಸರಿ, ಸರ್ಜು ಮೂರೂವರೆ ಮೀಟರ್, ಒಂದೂವರೆ ಮೀಟರ್ ಅಗಲ. ಕತ್ತರಿಸೋ ಮುಂಚೆ ಬಾತ್‌ಟಬ್ಬಲ್ಲಿ ಒಂದು ರಾತ್ರಿ ನೆನೆಸಿ ನೆರಳಲ್ಲಿ ಒಣಗಿಸಿದೆ, ಉದ್ದದಲ್ಲಿ 12 ಸೆಂಟಿಮೀಟರ್ ಕುಗ್ಗಿತು, ನೀರೆಲ್ಲ ನೀಲಿ. ನಾಲ್ಕು ಸಲ ಜಾಲಿಸಿದ ಮೇಲೆ ನೀರು ತಿಳಿ ಆಯ್ತು, ಬಣ್ಣ ನಿಂತಿತು ಅಂದ್ಕೊಂಡೆ. ನಿಂತಿರ್ಲಿಲ್ಲ, ಮುಂದೆ ಹೇಳ್ತೀನಿ.

ಕತ್ತರಿ ಹಾಕಿದ್ದು

ಹೊರಗಿಂದ ಮಂಡಿವರೆಗಿನ ಫ್ರಾಕ್ ಥರ ಕಾಣುತ್ತೆ, ಒಳಗಿನ ಕಥೆ ಬೇರೆ. ಅರ್ಧ ತೋಳಿನ ಅಂಗಿ, ಅದಕ್ಕೆ ಸೊಂಟದಲ್ಲಿ ಹೊಲಿದು ಸೇರಿಸಿದ ಮಂಡಿವರೆಗಿನ ಜೋಲು ಚಡ್ಡಿ, ಎರಡೂ ಒಂದೇ ತುಂಡು. ಲಂಗ ಬೇರೆ, ಸೊಂಟಪಟ್ಟಿ ಸುತ್ತ ಎಂಟು ಗುಂಡಿ ಹಾಕಿ ಮೇಲಿಂದ ಸಿಗಿಸೋದು. ಭಲೇ ಜಾಣತನ ಇದು, ನೀರಲ್ಲಿ ಲಂಗ ಮೇಲೆ ತೇಲಿದ್ರೂ ಕೆಳಗೆ ಚಡ್ಡಿ ಇದೆ, ಚಡ್ಡಿಯಲ್ಲಿ ಬರೋಕೆ ನಾಚಿಕೆ ಅಂದ್ರೆ ಮೇಲೆ ಲಂಗ ಇದೆ.

ಹಳೇ ಬೆಡ್‌ಶೀಟಲ್ಲಿ ಒಂದು ಟ್ರಯಲ್ ಹೊಲಿದೆ. ನಿಂತಾಗ ಸರಿ ಇತ್ತು, ಕುರ್ಚಿ ಮೇಲೆ ಕೂತ ತಕ್ಷಣ ಭುಜದಿಂದ ತೊಡೆಸಂದಿಗೆ ಹಗ್ಗ ಎಳೆದ ಹಾಗೆ ಬಿಗಿಯಿತು. ಸಲ್ವಾರು ಹೊಲಿದು ಅಭ್ಯಾಸ ಇರೋರಿಗೆ ಇದು ಗೊತ್ತಾಗಲ್ಲ, ಅಲ್ಲಿ ಮೇಲೆ ಕೆಳಗೆ ಬೇರೆ ಬೇರೆ, ಬಗ್ಗಿದ್ರೆ ನಡುವೆ ಜಾಗ ಬಿಡುತ್ತೆ. ಒಂದೇ ತುಂಡಿಗೆ ಟೇಪನ್ನ ಭುಜದಿಂದ ಶುರು ಮಾಡಿ ಕಾಲಿನ ನಡುವೆ ತಂದು ಹಿಂದಿಂದ ಮತ್ತೆ ಅದೇ ಭುಜಕ್ಕೆ ತರ್ಬೇಕು, ಅದೂ ಕೂತ್ಕೊಂಡು ಅಳೀಬೇಕು. ಅಳೆದೆ, 6 ಸೆಂಟಿಮೀಟರ್ ಕಮ್ಮಿ ಬಿದ್ದಿತ್ತು. ಉಣ್ಣೆ ನೆನೆದಾಗ ಜಗ್ಗುತ್ತಲ್ಲ ಅಂತ 5 ಮಾತ್ರ ಸೇರಿಸಿದೆ, ಆ ಲೆಕ್ಕ ಸರಿ ಬಂತು, ಇಡೀ ಕೆಲಸದಲ್ಲಿ ಮೊದಲ ಸಲಕ್ಕೇ ಸರಿ ಬಂದಿದ್ದು ಅದೊಂದೇ.

ನನ್ನದು ಕೈಯಲ್ಲಿ ತಿರುಗಿಸೋ ಹಳೇ ಮಷಿನ್ನು. ಸೊಂಟದ ಹತ್ರ ನೆರಿಗೆ, ಪಟ್ಟಿ, ಅಸ್ತರು ಎಲ್ಲ ಸೇರಿ ಆರು ಪದರ, 14 ನಂಬರ್ ಸೂಜಿ ಟಕ್ ಅಂತ ಮುರಿದು ತುದಿ ಎಲ್ಲೋ ಹಾರಿ ಹೋಯ್ತು, ಇನ್ನೂ ಸಿಕ್ಕಿಲ್ಲ, ಮನೇಲಿ ಎಲ್ಲರೂ ಚಪ್ಪಲಿ ಹಾಕ್ಕೊಂಡೇ ಓಡಾಡ್ತಿದೀವಿ. 16 ನಂಬರ್ ಹಾಕಿ, ಟಾಂಕೆ ದೊಡ್ಡದು ಮಾಡಿ, ದಪ್ಪ ಜಾಗದಲ್ಲಿ ಚಕ್ರನ ಒಂದೊಂದೇ ಟಾಂಕೆ ನಿಧಾನಕ್ಕೆ ತಿರುಗಿಸಿದೆ. ಮುಂಭಾಗದ ಪಟ್ಟಿಗೆ ಚಿಪ್ಪಿನ ಗುಂಡಿ, ಕಾಜಾ ಕೈಯಲ್ಲೇ. ಹುಕ್ಕು ಹಾಕ್ಲಿಲ್ಲ, ಮ್ಯೂಸಿಯಂ ಡ್ರೆಸ್ಸಲ್ಲಿ ಕತ್ತಿನ ಹತ್ರ ಒಂದು ಹುಕ್ಕು ಇತ್ತು, ಅದು ಉಪ್ಪು ನೀರಿಗೆ ತುಕ್ಕು ಹಿಡಿದು ಬಟ್ಟೇಲೇ ತೂತು ಬಿಟ್ಟಿದೆ.

ಕಾಲರು, ಮತ್ತೆ ನನ್ನ ದಡ್ಡತನ

ಹಿಂದೆ ಚೌಕ, ಮುಂದೆ ಇಳಿಜಾರಾಗಿ ಬಂದು ಗಂಟು ಹಾಕೋ ಈ ನಾವಿಕರ ಕಾಲರು ಫ್ಯಾಷನ್ ಆಗಿದ್ದು ರಾಜಮನೆತನದ ಮಗುವಿನಿಂದ, ವಿಕ್ಟೋರಿಯಾ ರಾಣಿಯ ದೊಡ್ಡ ಮಗನಿಗೆ 1846ರಲ್ಲಿ ನೌಕಾಪಡೆ ಸಿಪಾಯಿ ಡ್ರೆಸ್ ಹೊಲಿಸಿ ಚಿತ್ರ ಬರೆಸಿದ್ರು, ಆಮೇಲೆ ಯುರೋಪಿನ ಮಕ್ಕಳಿಗೆಲ್ಲ ಅದೇ, ಮಕ್ಕಳಿಂದ ಹೆಂಗಸರ ಸಮುದ್ರದ ಬಟ್ಟೆಗೆ ಹತ್ತಿತು. ಮೂರು ಸಾಲು ಬಿಳಿ ಹತ್ತಿ ಪಟ್ಟಿ, ಮೂಲೇಲಿ ಪ್ರತಿ ಸಾಲನ್ನೂ 45 ಡಿಗ್ರಿ ಮಡಿಸಿ ತಿರುಗಿಸೋದು. ಕಚ್ಚಾ ಹೊಲಿಗೆ ಹಾಕಿ, ಮೇಲೆ ಪಕ್ಕಾ ಹೊಲಿಗೆ ಹಾಕಿ, ಮೂರು ರಾತ್ರಿ ಹಿಡೀತು. ತುಂಬಾ ಚೆನ್ನಾಗಿ ಬಂದಿತ್ತು.

ಆಮೇಲೆ ಒದ್ದೆ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿದೆ. ಬಟ್ಟೆ ಎತ್ತಿ ನೋಡ್ತೀನಿ, ಬಿಳಿ ಪಟ್ಟಿ ಎಲ್ಲ ತಿಳಿ ನೀಲಿ, ಅದೂ ಒಂದೇ ಸಮ ಅಲ್ಲ, ಮೋಡ ಮೋಡ. ತಣ್ಣೀರಲ್ಲಿ ಬಿಡದ ಬಣ್ಣ ಬಿಸಿ ಹಬೆಗೆ ಬಿಡುತ್ತೆ ಅನ್ನೋದು ನನಗೆ ಗೊತ್ತಿಲ್ದೆ ಏನಿಲ್ಲ, ಹದಿನೈದು ವರ್ಷದಿಂದ ಹೊಲೀತಿದೀನಿ, ಒಂದು ತುಂಡಿನ ಮೇಲೆ ಪರೀಕ್ಷೆ ಮಾಡೋಕೆ ಸೋಮಾರಿತನ. ಎರಡು ಸಂಜೆ ಬ್ಲೇಡ್ ಹಿಡಿದು ಹೊಲಿಗೆ ಬಿಚ್ಚಿದೆ, ಪಾಲಿಯೆಸ್ಟರ್ ಪಟ್ಟಿ ತಂದು ಮತ್ತೆ ಮೂರು ಸಾಲು.

ಮುಂದಿನ ಶನಿವಾರ ಮ್ಯೂಸಿಯಂ ಡ್ರೆಸ್ಸಿನ ಕಾಲರನ್ನ ಟಾರ್ಚ್ ಹಾಕಿ ನೋಡಿದ್ರೆ ಅದರ ಬಿಳಿ ಪಟ್ಟಿ ಅಂಚಲ್ಲೂ ಅದೇ ತಿಳಿ ನೀಲಿ ಮೋಡ! ನೂರು ವರ್ಷದ ಕೊಳೆ ಅಂತ ನಾವೇ ಪಟ್ಟೀಲಿ ಬರೆದಿದ್ವಿ. ಹೊಲಿದ ಪುಣ್ಯಾತ್ಗಿತ್ತಿಗೂ ಇದೇ ಗೋಳು. ಹಾಗೇ ಬಿಟ್ಟಿದ್ರೆ ನಕಲು ಇನ್ನೂ ಕರೆಕ್ಟ್ ಆಗಿರ್ತಿತ್ತು, ಆದ್ರೆ ಮತ್ತೆ ಬಿಚ್ಚೋಕೆ ನನ್ನ ಕೈಲಾಗಲ್ಲ.

ಲಂಗದ ಉದ್ದ ಮಂಡಿಯಿಂದ 4 ಸೆಂಟಿಮೀಟರ್ ಕೆಳಗೆ, ಮೂಲದಲ್ಲಿದ್ದ ಹಾಗೇ. ಹೆಮ್ಮಿಂಗ್ ಮಾಡುವಾಗ ನನ್ನ ತಲೇಲಿ ಇದ್ದಿದ್ದು 1922ರ ಆ ಫೋಟೋ, ವಾಷಿಂಗ್ಟನ್‌ನಲ್ಲಿ ಪೊಟೋಮ್ಯಾಕ್ ಪಕ್ಕದ ಸ್ನಾನದ ದಡದಲ್ಲಿ ಒಬ್ಬ ಅಧಿಕಾರಿ ಮಂಡಿಯೂರಿ ಕೂತು ಹುಡುಗಿ ಮಂಡಿಯಿಂದ ಬಟ್ಟೆ ಅಂಚಿನವರೆಗೆ ಟೇಪು ಹಿಡಿದಿದ್ದಾನೆ, ಮಂಡಿಯಿಂದ 6 ಇಂಚಿಗಿಂತ ಮೇಲೆ ಹೋಗಂಗಿಲ್ಲ ಅನ್ನೋದು ರೂಲು. ನಾನು ಕೂತಿದ್ದ ಭಂಗಿಯೂ ಹೆಚ್ಚುಕಮ್ಮಿ ಅದೇ, ಕನ್ನಡಿ ಮುಂದೆ, ಬಾಯಲ್ಲಿ ಗುಂಡುಪಿನ್ನು.

ನೀರಿಗೆ ಇಳಿದ ದಿನ

ಆಗಸ್ಟು, ನೀರು 16 ಡಿಗ್ರಿ. ಬ್ಲ್ಯಾಕ್‌ಪೂಲ್ ಅಂದ್ರೆ ಇದೇ ಲ್ಯಾಂಕಶೈರ್ ಕರಾವಳಿಯ ಊರು, ಅಲ್ಲಿ ಉಬ್ಬರ ಇಳಿತ ಎಷ್ಟು ಜೋರು ಅಂದ್ರೆ ಟೈಮ್ ನೋಡದೆ ಹೋದ್ರೆ ನೀರು ಮುಟ್ಟೋಕೇ ಮರಳಲ್ಲಿ ಅರ್ಧ ಊರು ನಡೀಬೇಕು, ಹಾಗಾಗಿ ಉಬ್ಬರದ ಹೊತ್ತಿಗೆ, ಕಾವಲುಗಾರರು ಬಾವುಟ ನೆಟ್ಟ ಜಾಗದಲ್ಲೇ, ನಮ್ಮನೆಯವರನ್ನ ದಡದಲ್ಲಿ ಟವೆಲ್ ಕೊಟ್ಟು ನಿಲ್ಲಿಸಿ ಇಳಿದೆ. ಸೊಂಟಕ್ಕಿಂತ ಮೇಲೆ ನೀರಿರೋ ಕಡೆ ಹೋಗಲ್ಲ ಅಂತ ಮಾತು ಕೊಟ್ಟಿದ್ದೆ.

ಈ ದಡಕ್ಕೆ ನಮ್ಮೂರ ಮಿಲ್ಲಿನವರೇ ಬರ್ತಿದ್ರು. ಲ್ಯಾಂಕಶೈರ್ ಊರುಗಳಲ್ಲಿ ಒಂದೊಂದು ಊರಿಗೆ ಒಂದೊಂದು ವಾರ ಮಿಲ್ ಪೂರ್ತಿ ಬಂದ್, ವೇಕ್ಸ್ ವೀಕ್ ಅಂತ ಹೆಸರು, ಬೀದಿಗೆ ಬೀದಿಯೇ ರೈಲು ಹತ್ತಿ ಬ್ಲ್ಯಾಕ್‌ಪೂಲಿಗೆ, ಪಕ್ಕದ ಮನೆಯವರು ಅಲ್ಲೂ ಪಕ್ಕದ ರೂಮಲ್ಲೇ. ಸಮುದ್ರದೊಳಕ್ಕೆ ಚಾಚಿದ ಮೂರು ಪಿಯರು, 1894ರ ಟವರು, ಡ್ಯಾನ್ಸು. ಮಗ್ಗದ ಹೆಂಗಸರಲ್ಲಿ ಇಂಥ ಸ್ವಂತ ಡ್ರೆಸ್ ಇಟ್ಕೊಂಡೋರು ಕಮ್ಮಿ, ಬೇಕಂದ್ರೆ ಬಾಡಿಗೆಗೆ ಸಿಗ್ತಿತ್ತು, ಹೆಚ್ಚಿನವರು ಲಂಗ ಎತ್ತಿಕಟ್ಟಿ ಮೀನಖಂಡದವರೆಗೆ ನೀರಲ್ಲಿ ನಿಂತು ಬರೋದಷ್ಟೇ. ಅವರು ಬುದ್ಧಿವಂತರು ಅಂತ ನನಗೆ ಗೊತ್ತಾಗೋಕೆ ಮೂರು ನಿಮಿಷ ಸಾಕಾಯ್ತು.

ಮೊದಲ ಒಂದು ನಿಮಿಷ ಮಜಾ. ಸರ್ಜು ತಕ್ಷಣ ನೆನೆಯಲ್ಲ, ಚಡ್ಡಿ ಒಳಗೆ ಗಾಳಿ ಸಿಕ್ಕಿ ಎರಡು ಕಡೆ ಎರಡು ಬಲೂನ್ ಥರ ಎದ್ದು ನಿಂತು ನಾನು ತೇಲ್ತಿದೀನೇನೋ ಅನ್ಸಿತು. ಲಂಗ ಕೊಡೆ ಥರ ಸುತ್ತ ಹರಡಿತು. ಆಮೇಲೆ ಗಾಳಿ ಹೋಗಿ ನೀರು ಬಂತು. ಮಂಡಿ ಹತ್ರ ಪಟ್ಟಿ ಬಿಗಿದು ಗುಂಡಿ ಹಾಕಿದ್ನಲ್ಲ, ಒಳಗೆ ಬಂದ ನೀರು ಹೊರಗೆ ಹೋಗೋಕೆ ದಾರಿ ಇಲ್ಲ, ಎರಡು ಕಾಲಿಗೆ ಎರಡು ಕೊಡ ಕಟ್ಟಿದ ಹಾಗೆ. ಈಜು ಬರುತ್ತೆ ನನಗೆ, ಹೊಳೇಲಿ ಕಲಿತಿದ್ದು, ದಡಕ್ಕೆ ಸಮಾನಾಂತರವಾಗಿ ನಾಲ್ಕು ಸಲ ಕೈ ಬೀಸಿದೆ, ಐದನೇದಕ್ಕೆ ಲಂಗ ತೊಡೆಗೆ ಸುತ್ತಿಕೊಂಡು ಕಾಲು ಬಡಿಯೋಕೇ ಆಗ್ಲಿಲ್ಲ, ಎದ್ದು ನಿಂತೆ. ಹಳೇ ಚಿತ್ರಗಳಲ್ಲಿ ಹೆಂಗಸರು ನೀರಲ್ಲಿ ನೆಟ್ಟ ಕಂಬದ ಹಗ್ಗ ಹಿಡಿದು ಸಾಲಾಗಿ ಅಲೆಗೆ ಎಗರ್ತಿರ್ತಾರೆ, ಅದನ್ನ ನೋಡಿ ನಗ್ತಿದ್ದೆ, ಇದನ್ನ ಹಾಕ್ಕೊಂಡು ಮಾಡೋಕೆ ಆಗೋದು ಅದೊಂದೇ.

ಎದ್ದು ಬರೋದು ಮಾತ್ರ ನೋಡ್ಬೇಕಿತ್ತು. ಭುಜ ಕೆಳಕ್ಕೆ ಜಗ್ಗುತ್ತೆ, ಹೆಜ್ಜೆಗೊಂದ್ಸಲ ಪಚಕ್ ಪಚಕ್, ಆದ್ರೆ ಬಟ್ಟೆ ಒಂದು ಕಡೇನೂ ಮೈಗೆ ಅಂಟಲಿಲ್ಲ. ನಮ್ಮನೆಯವರು ತೆಗೆದ ಫೋಟೋದಲ್ಲಿ ನೀರಿಗೆ ಇಳಿಯೋ ಮುಂಚೆ ಹೇಗಿದೀನೋ ಎದ್ದು ಬಂದಾಗ್ಲೂ ಹೆಚ್ಚುಕಮ್ಮಿ ಹಾಗೇ ಇದೀನಿ, ನೆರಿಗೆ ಕೂಡ ಜಾಗದಲ್ಲೇ ಇದೆ, ಬಣ್ಣ ಸ್ವಲ್ಪ ಕಪ್ಪಾಗಿದೆ ಅಷ್ಟೇ. ಟವೆಲ್ ಹಿಡಿದು ಗೋಡೆ ಕಟ್ಟೋ ಅಗತ್ಯವೇ ಬೀಳ್ಲಿಲ್ಲ. ಗಾಳಿ ಬೀಸ್ತಿದ್ರೂ ಮೈ ತೀರಾ ನಡುಗಲಿಲ್ಲ, ಉಣ್ಣೆ ಒದ್ದೆ ಆದ್ರೂ ಬೆಚ್ಚಗೇ. ದಡದಲ್ಲಿದ್ದ ಅಜ್ಜಿ ಒಬ್ರು ಬಂದು ಕಾಲರ್ ಮುಟ್ಟಿ ಮುಟ್ಟಿ ನೋಡಿದ್ರು. ಊರಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದ್ರೆ ಅಮ್ಮ, "ಎಂತ ಹೆಣೆ ಅದ್, ಆಟದ ವೇಷವಾ?" ಅಂದ್ರು. ಆಟ ಅಂದ್ರೆ ನಮ್ಮ ಕಡೆ ಯಕ್ಷಗಾನ, ತೂಕ ನೋಡಿದ್ರೆ ಹತ್ತಿರ ಹತ್ತಿರ ಅದೇ.

ಒಣಗೋಕೆ ಮೂರು ದಿನ. ಮನೆಯೆಲ್ಲ ಒದ್ದೆ ಕುರಿ ವಾಸನೆ, ಪಕ್ಕದ ಮನೆ ನಾಯಿ ಬಾಗಿಲಲ್ಲೇ ಕೂತಿತ್ತು.

ರಿಪೇರಿ

ನೀರು ಹೊರಹೋಗೋಕೆ ಚಡ್ಡಿ ಮಂಡಿಪಟ್ಟಿ ಮೇಲೆ ಒಂದೊಂದು ಕಾಲಿಗೆ ಮೂರು ತೂತು ಮಾಡಿ, ಕಾಜಾ ಹೊಲಿಗೆ ಥರ ಸುತ್ತ ಕೈಯಲ್ಲಿ ಹೊಲಿದೆ, ಪಟ್ಟಿನೂ 2 ಸೆಂಟಿಮೀಟರ್ ಸಡಿಲ ಮಾಡಿದೆ. ಬಾತ್‌ಟಬ್ಬಲ್ಲಿ ಮುಳುಗಿಸಿ ಎತ್ತಿದ್ರೆ ಈಗ ಕೊಡ ಕಟ್ಟಲ್ಲ, ಜರಡಿ ಥರ ಇಳಿಯುತ್ತೆ. ಮ್ಯೂಸಿಯಂ ಮೇಡಂಗೆ ಇಷ್ಟ ಆಗ್ಲಿಲ್ಲ, ಮೂಲದಲ್ಲಿ ಇಲ್ವಲ್ಲ ಅಂದ್ರು. ಇಲ್ಲ, ಸರಿ, ಆದ್ರೆ ಮೂಲ ಹೊಲಿದೋರು ಅದರಲ್ಲಿ ಈಜೋಕೆ ಹೋಗಿಲ್ಲ, ನಾನು ಹೋಗಿದೀನಿ. ಒಳಗಡೆ ಇರೋ ತೂತು, ಮಕ್ಕಳು ಲಂಗ ಎತ್ತಿ ನೋಡಿದ್ರೆ ಮಾತ್ರ ಕಾಣೋದು, ಕೇಳಿದ್ರೆ ಹೇಳೋಕೆ ಒಂದು ಕಥೆನೂ ಆಯ್ತು ಅಂತ ಹಠ ಮಾಡಿ ಉಳಿಸಿಕೊಂಡೆ.

ನಿಜವಾಗ್ಲೂ ಈಜಬೇಕು ಅಂದವರು ಆಗ ಏನು ಮಾಡಿದ್ರು ಅಂತ ನೋಡೋಕೆ ಆನೆಟ್ ಕೆಲ್ಲರ್‌ಮನ್ ಮಾಡಿದ್ದನ್ನೂ ಒಂದು ಸಂಜೆ ಮಾಡಿ ನೋಡಿದೆ. ಆಸ್ಟ್ರೇಲಿಯಾದ ಈಜುಗಾರ್ತಿ, ಚಿಕ್ಕಂದಿನಲ್ಲಿ ಕಾಲು ಬಲ ಇಲ್ದೆ ಈಜು ಶುರು ಮಾಡಿದವರು. ಲಂಡನ್‌ನಲ್ಲಿ ರಾಜಮನೆತನದವರ ಮುಂದೆ ಈಜೋಕೆ ಕರೆದಾಗ ಬರಿಗಾಲು ಕಾಣಂಗಿಲ್ಲ ಅಂದ್ರಂತೆ, ಅವರು ಉದ್ದ ಕಾಲುಚೀಲ ತಂದು ಈಜುಡುಪಿಗೇ ಹೊಲಿದು ಸೇರಿಸಿದ್ರು, ಕತ್ತಿಂದ ಪಾದದವರೆಗೆ ಮೈ ಮುಚ್ಚಿತ್ತು, ಕಾಲು ಕಂಡಿಲ್ಲ ಅಂತ್ಲೂ ಆಯ್ತು. ನಾನೂ ಹಳೇ ಈಜುಡುಪಿಗೆ ದಪ್ಪ ಕಪ್ಪು ಸ್ಟಾಕಿಂಗ್ಸ್ ಹೊಲಿದೆ. ಎರಡೂ ಜಗ್ಗೋ ಬಟ್ಟೆ, ನೇರ ಹೊಲಿಗೆ ಹಾಕಿದ್ರೆ ಕಾಲು ತೂರಿಸುವಾಗ್ಲೇ ಟರ್ ಅಂತ ದಾರ ಕಿತ್ತು ಬರುತ್ತೆ, ಕೈಯಲ್ಲಿ ಅಂಕುಡೊಂಕು ಹೊಲಿಗೆ ಹಾಕಿದ ಮೇಲೆ ನಿಂತಿತು. ಅರ್ಧ ಗಂಟೆ ಕೆಲಸ, 300 ಗ್ರಾಂ ಒಳಗೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಲ್ಲಿ ಹೆಂಗಸರಿಗೆ ಮೊದಲ ಸಲ ಈಜು ಸ್ಪರ್ಧೆ ಇಟ್ಟಾಗ ಬ್ರಿಟನ್ನಿನ ನಾಲ್ವರು ರಿಲೇ ಗೆದ್ದಿದ್ದು ಇಂಥ ಮೈಗಂಟೋ ಬಟ್ಟೇಲೇ. ಇತ್ತ ಅಮೆರಿಕದ ಅಟ್ಲಾಂಟಿಕ್ ಸಿಟೀಲಿ 1921ರಲ್ಲೂ ಲೂಯಿಸ್ ರೋಸಿನ್ ಅನ್ನೋ ಹೆಂಗಸು ಕಾಲುಚೀಲ ಮಂಡಿಯಿಂದ ಕೆಳಗೆ ಸುತ್ತಿದ್ದಕ್ಕೆ, ಮೇಲೆ ಎಳ್ಕೋ ಅಂದ್ರೆ ಎಳ್ಕೊಳ್ಳಲ್ಲ ಅಂದಿದ್ದಕ್ಕೆ ಪೊಲೀಸರು ಹಿಡ್ಕೊಂಡು ಹೋಗಿದ್ರು.

ಡ್ರೆಸ್ ಈಗ ಮ್ಯೂಸಿಯಂನಲ್ಲಿ ಮರದ ಹ್ಯಾಂಗರ್ ಮೇಲಿದೆ. ಪಕ್ಕದಲ್ಲಿ ಒಂದು ಬಕೆಟ್, ಅದರಲ್ಲಿ ಉಳಿದ ಸರ್ಜಿನ ಅರ್ಧ ಮೀಟರ್ ತುಂಡು ನೆನೆಹಾಕಿದೀವಿ, ಮಕ್ಕಳು ಎತ್ತಿ ಭಾರ ನೋಡ್ತವೆ, ಒಂದು ಪಾಪ್ಲಿನ್ ತುಂಡನ್ನೂ ಇಟ್ಟಿದೀವಿ ಕೈ ಮೇಲೆ ಹಾಸಿ ನೋಡೋಕೆ. ನೆಲ ಒರೆಸೋ ಕೆಲಸ ನಂದೇ. ಬಾಕಿ ಇರೋದು ಚಪ್ಪಲಿ, ಕಣಕಾಲಿಗೆ ಲಾಡಿ ಸುತ್ತಿ ಕಟ್ಟೋ ಕ್ಯಾನ್ವಾಸಿಂದು, ಬಟ್ಟೆ ತಂದಾಗಿದೆ, ಅಟ್ಟೆಗೆ ಕಾರ್ಕ್ ಹಾಕೋದೋ ಹಗ್ಗ ಸುತ್ತೋದೋ ಇನ್ನೂ ತೀರ್ಮಾನ ಆಗಿಲ್ಲ.